ಉತ್ತರ ಆಫ್ರಿಕದ ಬಾಕುಗಳು ಮತ್ತು ಯೂರೋಪಿನ ಅಲಗುಗಳು

ಆಯುಧಗಳ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಯುದ್ಧಗಳ ಇತಿಹಾಸವನ್ನು ಬರೆದು ನಿಲ್ಲಿಸುತ್ತಾರೆ. ಯಾವ ಅರಸನು ಯಾವ ಅರಸನನ್ನು ಎಲ್ಲಿ ಸೋಲಿಸಿದನೆಂಬುದು ತಿಳಿಯುತ್ತದೆ. ಆದರೆ ಸೋತವನ ಕೈಯಿಂದ ಬಿದ್ದ ಕತ್ತಿಯ ಗತಿ ಮುಂದೇನಾಯಿತೆಂಬುದನ್ನು ವಿಚಾರಿಸುವವರು ವಿರಳ. ಕಬ್ಬಿಣವು ಅಗ್ಗವಲ್ಲದ, ಉಕ್ಕು ಇನ್ನೂ ದುರ್ಲಭವಾದ ನಾಡುಗಳಲ್ಲಿ ಒಳ್ಳೆಯ ಅಲಗನ್ನು ಯಾರೂ ಎಸೆಯುತ್ತಿರಲಿಲ್ಲ. ಹಿಡಿ ಮುರಿದರೆ ಹೊಸ ಹಿಡಿ ಬರುತ್ತಿತ್ತು. ಅಲಗು ಮುರಿದರೆ ಉಳಿದ ತುಂಡು ಬಾಕುವಾಗುತ್ತಿತ್ತು. ಮೆಡಿಟರೇನಿಯನ್ ಸಮುದ್ರದ ದಕ್ಷಿಣ ದಂಡೆಯಲ್ಲಿಯೂ ಅದಕ್ಕೆ ತಾಗಿದ ಸಹರಾ ಮರುಭೂಮಿಯಲ್ಲಿಯೂ ಈ ರೀತಿ ಶತಮಾನಗಳ ಕಾಲ ನಡೆದುಬಂದುದರಿಂದ, ಅಲ್ಲಿಯ ಹಳೆಯ ಬಾಕುಗಳಲ್ಲಿ ಹಲವಕ್ಕೆ ಎರಡು ಜನ್ಮಗಳುಂಟು. ಅಲಗು ಹುಟ್ಟಿದ್ದು ಜರ್ಮನಿಯಲ್ಲಿ, ಸ್ಪೇನಿನಲ್ಲಿ ಅಥವಾ ಫ್ರಾನ್ಸಿನಲ್ಲಿ. ಹಿಡಿಯೂ ಒರೆಯೂ ಹುಟ್ಟಿದ್ದು ಅಟ್ಲಾಸ್ ಪರ್ವತದ ತಪ್ಪಲಿನಲ್ಲಿ ಅಥವಾ ಮರಳುಗಾಡಿನ ಒಂದು ಬಿಡಾರದಲ್ಲಿ.

ಇಂಥ ವಸ್ತುಗಳನ್ನು ವಸ್ತುಸಂಗ್ರಹಾಲಯಗಳವರು ಬಹುಕಾಲ ಅರೆಮನಸ್ಸಿನಿಂದ ನೋಡಿದರು. ಯೂರೋಪಿನ ಶಸ್ತ್ರಗಳನ್ನು ಅಭ್ಯಾಸ ಮಾಡುವವರಿಗೆ ಇವು ಕತ್ತರಿಸಿ ಕೆಡಿಸಿದ ಕತ್ತಿಗಳಾಗಿ ಕಂಡುವು. ಆಫ್ರಿಕದ ಕಲೆಯನ್ನು ಅಭ್ಯಾಸ ಮಾಡುವವರಿಗೆ ಪರದೇಶದ ಸರಕು ಸೇರಿದ ಕಲಬೆರಕೆಯಾಗಿ ಕಂಡುವು. ಎರಡು ಕಡೆಯವರೂ ಬಿಟ್ಟುಕೊಟ್ಟ ಈ ವಸ್ತುಗಳಲ್ಲಿಯೇ ಎರಡು ಖಂಡಗಳ ಪರಸ್ಪರ ಸಂಬಂಧದ ಚರಿತ್ರೆ ಅಡಗಿದೆ ಎಂಬುದು ಇಲ್ಲಿಯ ಪ್ರತಿಪಾದ್ಯ.

1. ಬಾಕುಗಳ ಬಗೆಗಳು

ಮೊದಲು ಆಯುಧಗಳ ಪರಿಚಯ ಆವಶ್ಯಕ. ಮೊರೊಕ್ಕೊ ದೇಶದ ಬಾಕುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ‘ಕುಮ್ಮಿಯ’. ತೋಳಿನ ಅಂಗಿಯ ತುದಿಗೆ ಅರಬ್ಬಿಯಲ್ಲಿ ‘ಕುಮ್ಮ್’ ಎಂದು ಹೆಸರು; ಅದರಿಂದ ಈ ಪದ ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕುಮ್ಮಿಯದ ಅಲಗು ಬಾಗಿದುದು. ಹಿಡಿಯ ಬಳಿ ಒಂದೇ ಬಾಯಿ. ಮೊನೆಯ ಕಡೆ ಎರಡು ಬಾಯಿ. ಹಿಡಿಯ ತಲೆ ನವಿಲಿನ ಬಿಚ್ಚಿದ ಗರಿಯಂತೆ ಅಗಲವಾಗಿ ಹರಡಿರುತ್ತದೆ. ಒರೆಯನ್ನು ಹಿತ್ತಾಳೆಯಿಂದಲೋ ಬೆಳ್ಳಿಯಿಂದಲೋ ಮಾಡಿ, ಅದರ ಎರಡು ಪಕ್ಕಗಳಲ್ಲಿಯೂ ಬಳೆಗಳನ್ನು ಇಟ್ಟು, ಉಣ್ಣೆಯ ಅಥವಾ ರೇಷ್ಮೆಯ ಹುರಿಯನ್ನು ಆ ಬಳೆಗಳಿಗೆ ಕಟ್ಟಿ, ಬಲ ಭುಜದ ಮೇಲಿನಿಂದ ಎಡ ಸೊಂಟದ ಕಡೆಗೆ ಇಳಿಬಿಡುವುದು ರೂಢಿ. ಅಟ್ಲಾಸಿನ ಅಮಾಜಿಗ್ ಜನರಿಗೆ, ಎಂದರೆ ಹೊರಗಿನವರು ಬರ್ಬರರೆಂದು ಕರೆದವರಿಗೆ, ಇದು ಆಯುಧವೂ ಹೌದು, ಗಂಡಸಿನ ಗೌರವದ ಗುರುತೂ ಹೌದು.

ಎರಡನೆಯದು ‘ಜನ್ವಿ’. ಇದರ ಅಲಗು ನೇರವಾದುದು. ಹೆಸರಿನಲ್ಲಿಯೇ ಇತಿಹಾಸವಿದೆ: ಇಟಲಿಯ ಜಿನೋವ ಪಟ್ಟಣಕ್ಕೆ ಅರಬ್ಬಿಯಲ್ಲಿ ‘ಜನ್ವ’ ಎನ್ನುವರು, ಜನ್ವಿ ಎಂದರೆ ಜಿನೋವದ್ದು. ಮೊರೊಕ್ಕೊ ದೇಶದ ಆಡುನುಡಿಯಲ್ಲಿ ಈ ಹೊತ್ತಿಗೂ ಅಡಿಗೆಮನೆಯ ದೊಡ್ಡ ಚೂರಿಗೆ ಇದೇ ಹೆಸರು. ತರಕಾರಿ ಹೆಚ್ಚುವ ಗೃಹಿಣಿ ಒಂದು ಇಟಲಿಯ ಬಂದರಿನ ಹೆಸರನ್ನು ದಿನವೂ ಉಚ್ಚರಿಸುತ್ತಾಳೆ. ಆದರೆ ಅದು ಬಂದರಿನ ಹೆಸರೆಂಬುದು ಅವಳ ನೆನಪಿನಲ್ಲಿರಬೇಕಾಗಿಲ್ಲ. ಯಾವ ದಾಖಲೆಯೂ ಉಳಿಯದ ವ್ಯಾಪಾರವನ್ನು ಭಾಷೆ ಉಳಿಸಿಕೊಂಡಿರುವುದಕ್ಕೆ ಇದು ಒಳ್ಳೆಯ ನಿದರ್ಶನ.

ಮೂರನೆಯದು ‘ಸ್ಬೂಲ’. ಧಾನ್ಯದ ತೆನೆಗೆ ಅರಬ್ಬಿಯಲ್ಲಿ ಇರುವ ಹೆಸರಿನ ರೂಪಾಂತರವಿದು. ನೇರವಾದ, ಮೊನೆ ಚೂಪಾದ ಅಲಗು. ಮೇಲೂ ಕೆಳಗೂ ಅಡ್ಡಪಟ್ಟಿಯಂತೆ ಚಾಚಿಕೊಂಡು ನಡುವೆ ಸಣ್ಣಗಾದ ಹಿಡಿ. ಈ ಬಗೆಯಲ್ಲಿ ಯೂರೋಪಿನ ಕತ್ತಿಗಳ ಮತ್ತು ಬಂದೂಕಿನ ಬಯೊನೆಟ್ಟುಗಳ ಅಲಗುಗಳನ್ನು ಧಾರಾಳವಾಗಿ ಉಪಯೋಗಿಸಿದ್ದಾರೆ.

ಪೂರ್ವಕ್ಕೂ ದಕ್ಷಿಣಕ್ಕೂ ಹೋದರೆ ತೋಳುಬಾಕುಗಳು ಕಾಣಸಿಗುತ್ತವೆ. ಸಹರಾದ ತುವಾರೆಗ್ ಜನರ ‘ತೆಲೆಕ್’ ಎಂಬ ಬಾಕುವನ್ನು ಎಡ ಮುಂದೋಳಿಗೆ ಚರ್ಮದ ಪಟ್ಟಿಯಿಂದ ಕಟ್ಟಿಕೊಳ್ಳುತ್ತಾರೆ. ಹಿಡಿ ಮಣಿಕಟ್ಟಿನ ಕಡೆಗೆ ಇರುವುದರಿಂದ ಬಲಗೈ ಒಡನೆಯೇ ಅದನ್ನು ಸೆಳೆಯಬಲ್ಲದು. ಸೂಡಾನಿನ ಪೂರ್ವಭಾಗದ ಬೆಜ ಜನರು ತಮ್ಮ ತೋಳುಬಾಕುವನ್ನು ಎಡ ಮೊಳಕೈಯ ಮೇಲ್ಭಾಗದಲ್ಲಿ ಕಟ್ಟುವರು. ಇವುಗಳ ಜೊತೆಗೆ ತುವಾರೆಗರ ‘ತಕೂಬ’, ಸೂಡಾನಿನ ‘ಕಸ್ಕರ’ ಎಂಬ ನೇರವಾದ ಇಬ್ಬಾಯಿ ಕತ್ತಿಗಳನ್ನೂ ಗಮನದಲ್ಲಿಡಬೇಕು. ಏಕೆಂದರೆ ಮುರಿದ ಕತ್ತಿಯೇ ಅನೇಕ ವೇಳೆ ಬಾಕುವಿನ ಮೂಲದ್ರವ್ಯ.

2. ಅಲಗುಗಳು ಬಂದ ದಾರಿ

ಕ್ರೈಸ್ತ ಯೂರೋಪು ಮುಸ್ಲಿಮ್ ರಾಜ್ಯಗಳಿಗೆ ಆಯುಧ ಮಾರುವುದನ್ನು ಒಪ್ಪಿರಲಿಲ್ಲ. 1179ರಲ್ಲಿ ರೋಮಿನಲ್ಲಿ ಸೇರಿದ ಮೂರನೆಯ ಲ್ಯಾಟರನ್ ಧರ್ಮಸಭೆಯು ಸಾರಸೆನರಿಗೆ ಆಯುಧ, ಕಬ್ಬಿಣ ಹಾಗೂ ಹಡಗಿನ ಮರ ಒದಗಿಸುವವರಿಗೆ ಬಹಿಷ್ಕಾರವನ್ನು ವಿಧಿಸಿತು. 1215ರ ನಾಲ್ಕನೆಯ ಸಭೆ ಅದನ್ನೇ ಮತ್ತೆ ಸಾರಿತು. ಒಂದು ನಿಷೇಧವನ್ನು ಪದೇ ಪದೇ ಸಾರಬೇಕಾಯಿತೆಂದರೆ ಅದನ್ನು ಮೀರುವವರು ಕಡಿಮೆಯಾಗಿರಲಿಲ್ಲವೆಂದೇ ಅರ್ಥ. ವೆನಿಸ್, ಜಿನೋವ ಮೊದಲಾದ ವರ್ತಕ ಪಟ್ಟಣಗಳಿಗೆ ಪರಲೋಕದ ಭಯಕ್ಕಿಂತ ಇಹಲೋಕದ ಲಾಭ ಸಮೀಪದಲ್ಲಿತ್ತು.

ವ್ಯಾಪಾರದಂತೆಯೇ ಯುದ್ಧ, ಕಾಣಿಕೆಗಳ ಮೂಲಕವೂ ಕತ್ತಿಗಳು ಬಂದುವು. ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣದ ಆಯುಧಶಾಲೆಯಲ್ಲಿ 14 ಮತ್ತು 15ನೆಯ ಶತಮಾನಗಳಲ್ಲಿ ಶೇಖರಿಸಿಟ್ಟ ಯೂರೋಪಿನ ಕತ್ತಿಗಳು ಇದಕ್ಕೆ ಬಲವಾದ ಸಾಕ್ಷಿ. ಅವುಗಳ ಅಲಗಿನ ಮೇಲೆ ಮಮ್ಲೂಕ್ ಸುಲ್ತಾನರ ಕಾಲದ ಅರಬ್ಬೀ ಬರೆಹವಿದೆ. ಇಂತಹ ಕತ್ತಿ ಅಲೆಕ್ಸಾಂಡ್ರಿಯದ ಆಯುಧಶಾಲೆಗೆ ಸೇರಿತೆಂದು ಅದು ಸಾರುತ್ತದೆ. ಸೈಪ್ರಸ್ ದ್ವೀಪದ ಅರಸನಾದ ಮೊದಲನೆಯ ಪೀಟರ್ 1365ರಲ್ಲಿ ಅಲೆಕ್ಸಾಂಡ್ರಿಯವನ್ನು ಸೂರೆಮಾಡಿದನು. 1426ರಲ್ಲಿ ಸುಲ್ತಾನ ಬರ್ಸ್‌ಬಾಯ್ ಸೈಪ್ರಸ್ಸಿನ ಮೇಲೆ ದಂಡು ಕಳುಹಿಸಿ ಅಲ್ಲಿಯ ಅರಸ ಜಾನಸನನ್ನು ಸೆರೆಹಿಡಿಸಿದನು. ಈ ಎರಡು ಘಟನೆಗಳ ನಡುವಣ ಕಾಲದಲ್ಲಿ ಸುಲಿಗೆಯಾಗಿ, ಕಪ್ಪವಾಗಿ, ಕಾಣಿಕೆಯಾಗಿ ಬಂದ ಕತ್ತಿಗಳು ಅಲ್ಲಿ ಸೇರಿದುವು. 1517ರಲ್ಲಿ ಆಟೊಮನ್ ತುರುಕರು ಈಜಿಪ್ಟನ್ನು ಗೆದ್ದ ಮೇಲೆ ಅನೇಕ ಕತ್ತಿಗಳು ಇಸ್ತಾಂಬುಲಿಗೆ ಹೋದುವು. ಇಂದು ಕೆಲವು ಅಲ್ಲಿಯ ಸೈನಿಕ ವಸ್ತುಸಂಗ್ರಹಾಲಯದಲ್ಲಿಯೂ ಕೆಲವು ಟೊರಾಂಟೊ, ಲೀಡ್ಸ್, ನ್ಯೂಯಾರ್ಕ್ ನಗರಗಳಲ್ಲಿಯೂ ಇವೆ.

ಪಶ್ಚಿಮದಲ್ಲಿ ಅತ್ಯಂತ ದೊಡ್ಡ ಸುಲಿಗೆ ಒದಗಿದ್ದು 1578ರ ಆಗಸ್ಟ್ 4ರಂದು. ಪೋರ್ತುಗಲ್ ದೇಶದ ತರುಣ ಅರಸ ಸೆಬಾಸ್ಟಿಯನ್ ಮೊರೊಕ್ಕೊ ದೇಶವನ್ನು ಗೆಲ್ಲಹೊರಟು ಅಲ್ಕಾಸರ್ ಕಿಬೀರ್ ಎಂಬಲ್ಲಿ ಹತನಾದನು. ಅವನ ಸೈನ್ಯದಲ್ಲಿ ಪೋರ್ತುಗೀಸರಲ್ಲದೆ ಜರ್ಮನ್, ಸ್ಪ್ಯಾನಿಷ್, ಇಟಾಲಿಯನ್ ಕೂಲಿಸೈನಿಕರೂ ಇದ್ದರು. ಸೈನ್ಯ ಪೂರ್ತಿಯಾಗಿ ನಾಶವಾಯಿತು, ಬದುಕಿದವರು ಸೆರೆಯಾದರು. ಅಷ್ಟು ಜನರ ಆಯುಧಗಳು ರಣರಂಗದಿಂದ ಯಾವ ಮನೆಗಳನ್ನು ಸೇರಿದುವೆಂದು ಊಹಿಸಲು ಹೆಚ್ಚು ಕಲ್ಪನಾಶಕ್ತಿ ಬೇಕಿಲ್ಲ.

ಮುಂದೆ ಧರ್ಮಭೇದಕ್ಕಿಂತ ರಾಜಕಾರಣ ಪ್ರಬಲವಾಯಿತು. ಸ್ಪೇನಿನ ವೈರಿಯಾದ ಇಂಗ್ಲೆಂಡಿನ ಎಲಿಜಬೆತ್ ರಾಣಿ 1585ರಲ್ಲಿ ಬಾರ್ಬರಿ ಕಂಪನಿಗೆ ಸನ್ನದು ಕೊಟ್ಟಳು. ಮೊರೊಕ್ಕೊ ದೇಶದ ಸಕ್ಕರೆ ಮತ್ತು ಪೆಟ್ಲುಪ್ಪಿಗೆ ಬದಲಾಗಿ ಬಟ್ಟೆಯ ಜೊತೆಗೆ ಯುದ್ಧಸಾಮಗ್ರಿಯೂ ಹೋಯಿತು. ಆಲ್ಜಿಯರ್ಸ್, ಟ್ಯೂನಿಸ್, ಟ್ರಿಪೊಲಿ, ಸಲೆ ಬಂದರುಗಳ ಕಡಲುದಾಳಿಕಾರರು ಹಿಡಿದ ಹಡಗುಗಳ ಆಯುಧಗಳು ಬೇರೆ. ತಮ್ಮ ಹಡಗುಗಳನ್ನು ಮುಟ್ಟದಿರಲೆಂದು ಡಚ್ಚರು, ಸ್ವೀಡನ್ನಿನವರು, ಡೆನ್ಮಾರ್ಕಿನವರು ಆಲ್ಜಿಯರ್ಸಿನ ಅಧಿಪತಿಗೆ ಯುದ್ಧಸಾಮಗ್ರಿಯನ್ನೇ ಕಾಣಿಕೆಯಾಗಿ ಒಪ್ಪಿಸಿದರು. 1609ರಿಂದ 1614ರವರೆಗೆ ಸ್ಪೇನಿನಿಂದ ಹೊರದೂಡಲ್ಪಟ್ಟ ಮೊರಿಸ್ಕೊ ಜನರು ಮೊರೊಕ್ಕೊ ಮತ್ತು ಟ್ಯೂನಿಸುಗಳಲ್ಲಿ ನೆಲಸಿ ತಮ್ಮ ಕೈಕಸುಬುಗಳನ್ನೂ ಅಲ್ಲಿಗೆ ಕೊಂಡೊಯ್ದರು.

ಮರುಭೂಮಿಯ ಆಚೆಗೆ ಅಲಗು ಹೋದುದು ಒಂಟೆಯ ಬೆನ್ನ ಮೇಲೆ. ಈ ವ್ಯಾಪಾರದ ಪ್ರಮಾಣವನ್ನು ಇಬ್ಬರು ಪ್ರವಾಸಿಗಳು ಬರೆದಿಟ್ಟಿದ್ದಾರೆ. 1814ರಲ್ಲಿ ನೈಲ್ ನದಿಯ ದಂಡೆಯ ಶೆಂದಿ ಪಟ್ಟಣದ ಸಂತೆಯನ್ನು ಕಂಡ ಬರ್ಕ್‌ಹಾರ್ಟ್, ಜರ್ಮನಿಯ ಸೋಲಿಂಗನ್ನಿನ ಅಲಗುಗಳು ವರ್ಷಕ್ಕೆ ಸುಮಾರು 3000 ಕೈರೋ ನಗರದಲ್ಲಿ ದಕ್ಷಿಣದ ವರ್ತಕರಿಗೆ ಮಾರಾಟವಾಗುತ್ತವೆಂದು ತಿಳಿಸುತ್ತಾನೆ. 1850ರಿಂದ 1855ರವರೆಗೆ ಸಂಚರಿಸಿದ ಹೈನ್ರಿಖ್ ಬಾರ್ಟ್ ಕೊಡುವ ಅಂಕೆ ಇನ್ನೂ ದೊಡ್ಡದು: ಕಾನೊ ಪಟ್ಟಣಕ್ಕೆ ವರ್ಷಕ್ಕೆ ಸುಮಾರು 50,000 ಸೋಲಿಂಗನ್ ಅಲಗುಗಳು ಬರುತ್ತವೆ, ಅವುಗಳಿಗೆ ಅಲ್ಲಿಯೇ ಹಿಡಿ ಹಾಕುತ್ತಾರೆ ಎಂದು ಅವನ ಲೆಕ್ಕ. ಇದು ಪ್ರವಾಸಿಯೊಬ್ಬನ ಅಂದಾಜೇ ಹೊರತು ಸುಂಕದ ಕಟ್ಟೆಯ ಲೆಕ್ಕವಲ್ಲ. ಆದರೂ ವುಪ್ಪರ್ ನದಿಯ ದಂಡೆಯ ಒಂದು ಸಣ್ಣ ಊರು ಸಹರಾದ ಅಂಚಿನ ನಾಡುಗಳಿಗೆ ಅಲಗನ್ನು ಒದಗಿಸುತ್ತಿತ್ತೆಂಬುದು ಇದರಿಂದ ಸ್ಪಷ್ಟ.

ಕೊನೆಯ ಅಲೆ ವಸಾಹತು ಯುದ್ಧಗಳದು. ಫ್ರೆಂಚರು 1830ರಲ್ಲಿ ಆಲ್ಜಿಯರ್ಸನ್ನು ಹಿಡಿದರು; 1912ರಲ್ಲಿ ಫೆಸ್ ಒಪ್ಪಂದದ ಮೂಲಕ ಮೊರೊಕ್ಕೊ ಅವರ ರಕ್ಷಿತ ರಾಜ್ಯವಾಯಿತು. ಈ ಅವಧಿಯಲ್ಲಿ ಕತ್ತಿಯ ಸ್ಥಾನವನ್ನು ಬಯೊನೆಟ್ಟು ಆಕ್ರಮಿಸಿತು. 1866ರ ಶಾಸ್ಪೊ ಬಂದೂಕಿನ ಬಯೊನೆಟ್ಟಿಗೆ ಯಾಟಗಾನ್ ಮಾದರಿಯ ಬಳುಕಿದ ಅಲಗಿತ್ತು. ಆ ಮಾದರಿಯನ್ನು ಫ್ರೆಂಚರು ಪೂರ್ವದೇಶದ ಕತ್ತಿಯಿಂದಲೇ ತೆಗೆದುಕೊಂಡಿದ್ದರೆಂಬುದು ಗಮನಾರ್ಹ. 1874ರ ಗ್ರಾ ಬಂದೂಕಿನ ಬಯೊನೆಟ್ಟು ನೇರವಾದುದು. ಬೆನ್ನು ದಪ್ಪನಾಗಿದ್ದು ಅಡ್ಡವಾಗಿ ಕೊಯ್ದು ನೋಡಿದರೆ ಆಂಗ್ಲ ಲಿಪಿಯ ಟೀ ಅಕ್ಷರದಂತೆ ಕಾಣುತ್ತದೆ. 1886ರಲ್ಲಿ ಹೊಸ ಲೆಬೆಲ್ ಬಂದೂಕು ಬಂದ ಮೇಲೆ ಇವು ಹಳತಾದುವು. ಸೈನ್ಯಕ್ಕೆ ಬೇಡವಾದುದು ಸಂತೆಗೆ ಬೇಕಾಯಿತು. ಇದರ ಮೇಲೆ 1921ರ ಜುಲೈ ತಿಂಗಳಲ್ಲಿ ರಿಫ್ ಪರ್ವತಪ್ರದೇಶದ ಜನರು ಅಬ್ದ್ ಅಲ್ ಕರೀಮನ ನಾಯಕತ್ವದಲ್ಲಿ ಅನ್ವಾಲ್ ಎಂಬಲ್ಲಿ ಸ್ಪೇನಿನ ಸೈನ್ಯವನ್ನು ನುಚ್ಚುನೂರು ಮಾಡಿದಾಗ ಸಿಕ್ಕಿದ ಆಯುಧಗಳೂ ಸೇರಿದುವು.

3. ಕುಲುಮೆಯ ಕೆಲಸ

ಪರದೇಶದ ಅಲಗಿಗೆ ಹಿಡಿ ಸಿಕ್ಕಿಸುವುದು ಸುಲಭದ ಕೆಲಸವೆಂದು ಭಾವಿಸುವವರು ಕಮ್ಮಾರನ ಕಷ್ಟವನ್ನು ತಿಳಿಯರು. ಕತ್ತಿಯ ಅಲಗು ಹಿಡಿಯಿಂದ ಮೊನೆಯವರೆಗೆ ಒಂದೇ ಲೆಕ್ಕಾಚಾರದಲ್ಲಿ ತೆಳುವಾಗುತ್ತ ಹೋಗುತ್ತದೆ. ಅದನ್ನು ನಡುವೆ ಕತ್ತರಿಸಿದರೆ ತೂಕದ ಸಮತೋಲ ತಪ್ಪುತ್ತದೆ. ಹೊಸ ಮೊನೆಯನ್ನು ತೇಯಬೇಕು. ಹಿಡಿಯೊಳಕ್ಕೆ ಸೇರುವ ಬಾಲವನ್ನು ಅಲಗಿನ ಮೈಯಿಂದಲೇ ಕಡಿದು ತೆಗೆಯಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದುದು ಹದದ ಪ್ರಶ್ನೆ. ಅಲಗಿಗೆ ಅದರ ಮೊದಲ ತಯಾರಕನು ಕಾಸಿ, ಅದ್ದಿ, ಮತ್ತೆ ಮೆಲ್ಲಗೆ ಕಾಸಿ ಕೊಟ್ಟ ಹದವು ಮತ್ತೊಮ್ಮೆ ಕುಲುಮೆಯ ಕೆಂಡ ಸೋಕಿದೊಡನೆ ಹೋಗಿಬಿಡುತ್ತದೆ. ಆದ್ದರಿಂದ ಜಾಣನಾದ ಕಮ್ಮಾರನು ನೇರವಾದ ಬಾಕುವನ್ನು ಬೆಂಕಿಯಿಲ್ಲದೆ, ಸಾಣೆಯಿಂದಲೂ ಅರದಿಂದಲೂ ತೇಯ್ದೇ ಮಾಡುತ್ತಾನೆ. ಹೀಗೆ ಸೋಲಿಂಗನ್ನಿನ ಹದ ಕೆಡದೆ ಉಳಿಯುತ್ತದೆ. ಕುಮ್ಮಿಯದಂತಹ ಬಾಗಿದ ಬಾಕು ಬೇಕಾದಾಗ ಈ ಉಪಾಯ ಸಾಗದು. ನೇರವಾದ ಉಕ್ಕನ್ನು ಕಾಸಿ ಬಗ್ಗಿಸಲೇಬೇಕು. ಬಗ್ಗಿಸಿದ ಮೇಲೆ ಹೊಸದಾಗಿ ಹದ ಹಾಕಲೇಬೇಕು. ಆಗ ಉಕ್ಕು ಮಾತ್ರ ಯೂರೋಪಿನದು, ಅಲಗಿನ ಗುಣ ಸ್ಥಳೀಯ ಕಮ್ಮಾರನದು.

ಮರುಬಳಕೆಯ ಅಲಗನ್ನು ಗುರುತಿಸುವ ಲಕ್ಷಣಗಳೂ ಈ ಕೆಲಸದಿಂದಲೇ ಹುಟ್ಟುತ್ತವೆ. ಯೂರೋಪಿನ ಅಲಗುಗಳಲ್ಲಿ ಭಾರ ಕಡಿಮೆ ಮಾಡಿ ಬಿರುಸನ್ನು ಉಳಿಸಲು ಉದ್ದಕ್ಕೂ ಕೊರೆದ ತೋಡುಗಳಿರುತ್ತವೆ. ಮೊದಲಿನಿಂದಲೇ ಬಾಕುವಾಗಿ ಹುಟ್ಟಿದ ಅಲಗಿನಲ್ಲಿ ತೋಡು ಮೊನೆಗೆ ಮುಂಚೆಯೇ ಅಂದವಾಗಿ ಮುಗಿಯುತ್ತದೆ. ಕತ್ತರಿಸಿದ ಅಲಗಿನಲ್ಲಿಯಾದರೋ ಅದು ಮೊನೆಯ ಅಂಚಿನವರೆಗೆ ಓಡಿ ಹೊರಬೀಳುತ್ತದೆ, ಇಲ್ಲವೆ ಹಿಡಿಯೊಳಗೆ ಮುಳುಗಿ ಹೋಗುತ್ತದೆ. ಬರೆಹಗಳು ಅರ್ಧಕ್ಕೆ ತುಂಡಾಗಿರುತ್ತವೆ. ಫ್ರೆಂಚ್ ಬಯೊನೆಟ್ಟುಗಳ ಬೆನ್ನಿನ ಮೇಲೆ ಸಾಂತೆತ್ಯೆನ್, ಶಾತೆಲ್ರೊ, ತ್ಯೂಲ್ ಮೊದಲಾದ ಕಾರ್ಖಾನೆಗಳ ಹೆಸರನ್ನೂ ತಯಾರಾದ ತಿಂಗಳು ಮತ್ತು ವರ್ಷಗಳನ್ನೂ ಕೈಬರೆಹದಂತಹ ಅಕ್ಷರಗಳಲ್ಲಿ ಕೆತ್ತುತ್ತಿದ್ದರು. ಅರದ ಕೆಲಸದಲ್ಲಿ ಈ ಬರೆಹ ಪೂರ್ತಿ ಅಳಿಯದೆ ಉಳಿದಿದ್ದರೆ, ಆ ಬಾಕು ಆ ವರ್ಷಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲವೆಂದು ನಿಶ್ಚಿತವಾಗಿ ಹೇಳಬಹುದು. ಶಾಸನದ ತೇದಿಯಷ್ಟೇ ಗಟ್ಟಿಯಾದ ಆಧಾರವಿದು. ಆದರೆ ಅದು ಒಂದೇ ದಿಕ್ಕಿನ ಆಧಾರವೆಂಬುದನ್ನು ಮರೆಯಬಾರದು: ಅಲಗಿನ ವರ್ಷ ತಿಳಿಯುತ್ತದೆ, ಅದು ಬಾಕುವಾದ ವರ್ಷ ತಿಳಿಯುವುದಿಲ್ಲ. ಎರಡರ ನಡುವೆ ಹತ್ತು ವರ್ಷವಿರಬಹುದು, ನೂರು ವರ್ಷವೂ ಇರಬಹುದು.

4. ಮುದ್ರೆಗಳ ಮಾತು

ಅಲಗಿನ ಮೇಲಿನ ಮುದ್ರೆಯನ್ನು ಓದಿ ಅದರ ಹುಟ್ಟೂರನ್ನು ನಿರ್ಣಯಿಸಬಹುದೆಂದು ಹಳೆಯ ಸಂಗ್ರಾಹಕರು ನಂಬಿದ್ದರು. ಈ ನಂಬಿಕೆ ಬಹಳ ಸಲ ಮೋಸಮಾಡುತ್ತದೆ. ಓಡುವ ತೋಳದ ಚಿಹ್ನೆ ಮೊದಲು ಡ್ಯಾನ್ಯೂಬ್ ತೀರದ ಪಾಸೌ ಪಟ್ಟಣದ ಕತ್ತಿಕಮ್ಮಾರರದು; ಅದಕ್ಕಿದ್ದ ಕೀರ್ತಿಯನ್ನು ಕಂಡು ಸೋಲಿಂಗನ್ನಿನವರು ಅದನ್ನೇ ಒತ್ತತೊಡಗಿದರು. ತೊಲೇಡೊ ಪಟ್ಟಣದ ಪ್ರಸಿದ್ಧ ಕಮ್ಮಾರ ತೊಮಾಸ್ ಅಯಾಲನ ಹೆಸರನ್ನೂ, ಸಾಹಗುನ್ ಎಂಬವನ ಹೆಸರನ್ನೂ, ಇಟಲಿಯ ಅಂದ್ರೆಯ ಫೆರಾರನ ಹೆಸರನ್ನೂ ಜರ್ಮನಿಯಲ್ಲಿಯೇ ಅಲಗುಗಳ ಮೇಲೆ ಕೆತ್ತಿ ಮಾರಿದರು. ಹೀಗೆ ಯೂರೋಪಿನವರೇ ಯೂರೋಪಿನವರ ಮುದ್ರೆಯನ್ನು ಕದ್ದ ಮೇಲೆ, ಆಫ್ರಿಕದ ಕಮ್ಮಾರನು ತನ್ನ ಅಲಗಿನ ಮೇಲೆ ಅದೇ ಮುದ್ರೆಯ ಅನುಕರಣವನ್ನು ಒತ್ತಿದರೆ ಅವನೊಬ್ಬನನ್ನೇ ಕೃತ್ರಿಮಿಯೆಂದು ಹಳಿಯುವುದು ನ್ಯಾಯವಲ್ಲ.

ಈ ಅನುಕರಣಕ್ಕೆ ಬೇರೊಂದು ಅರ್ಥವೂ ಇದೆ. ಮುಖವುಳ್ಳ ಅರ್ಧಚಂದ್ರನ ಚಿಹ್ನೆ ಯೂರೋಪಿನ ಅಲಗುಗಳ ಮೂಲಕ ಸಹರಾಕ್ಕೆ ಬಂದಿತು. ತುವಾರೆಗರ ಮತ್ತು ಸೂಡಾನಿನ ಕಮ್ಮಾರರು ಅದನ್ನು ಮತ್ತೆ ಮತ್ತೆ ಒತ್ತುತ್ತ ಹೋದಂತೆ ಮುಖ ಮರೆಯಾಗಿ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಅರ್ಧಚಂದ್ರಗಳಷ್ಟೇ ಉಳಿದುವು. ಜರ್ಮನಿಯಲ್ಲಿ ಅದು ಒಂದು ಅಂಗಡಿಯ ಗುರುತು; ಮರುಭೂಮಿಯಲ್ಲಿ ಅದು ಅಲಗಿನ ಸತ್ತ್ವದ ಲಾಂಛನ. ಮೂರು ತೋಡುಗಳುಳ್ಳ ಹಳೆಯ ಅಲಗಿಗೆ ತುವಾರೆಗರಲ್ಲಿ ಹೆಚ್ಚಿನ ಗೌರವ. ಅಂಥ ಅಲಗು ವಂಶಪಾರಂಪರ್ಯವಾಗಿ ಇಳಿದುಬಂದು, ಹಿಡಿ ಹಲವು ಬಾರಿ ಬದಲಾದರೂ ಅಲಗು ಮಾತ್ರ ಉಳಿಯುತ್ತದೆ. ಕಬ್ಬಿಣವನ್ನು ಬರಿಗೈಯಿಂದ ಮುಟ್ಟುವುದು ಒಳ್ಳೆಯದಲ್ಲವೆಂಬ ನಂಬಿಕೆ ಆ ಜನರಲ್ಲಿದ್ದುದರಿಂದ ಹಿಡಿಯನ್ನು ಚರ್ಮದಿಂದಲೋ ಹಿತ್ತಾಳೆಯಿಂದಲೋ ಪೂರ್ತಿಯಾಗಿ ಮುಚ್ಚುತ್ತಾರೆ. ಈ ಕೆಲಸವೆಲ್ಲ ‘ಇನಾದನ್’ ಎಂಬ ಕಮ್ಮಾರ ಕುಲದವರದು. ಒಡೆಯರು ಅವರಿಗೆ ಅಂಜುತ್ತಿದ್ದರು, ಅವರನ್ನು ದೂರವಿಡುತ್ತಿದ್ದರು, ಅವರಿಲ್ಲದೆ ಬದುಕಲಾರದೆಯೂ ಇದ್ದರು.

5. ಒಂದು ತಪ್ಪಿನ ಕಥೆ

ಮೂಲವನ್ನು ಪರಿಶೀಲಿಸದೆ ಬರೆದುದನ್ನೇ ಬರೆಯುತ್ತ ಹೋದರೆ ಏನಾಗುವುದೆಂಬುದಕ್ಕೆ ಸ್ಬೂಲದ ಪ್ರಕರಣ ಎಚ್ಚರಿಕೆಯ ಪಾಠ. 19ನೆಯ ಶತಮಾನದಲ್ಲಿ ರಿಚರ್ಡ್ ಬರ್ಟನ್ ಎಂಬ ಆಂಗ್ಲ ಪ್ರವಾಸಿ ಕತ್ತಿಗಳ ಚರಿತ್ರೆಯೊಂದನ್ನು ಬರೆದು 1884ರಲ್ಲಿ ಪ್ರಕಟಿಸಿದನು. ಅದರಲ್ಲಿ ಈ ಆಯುಧದ ಚಿತ್ರವನ್ನು ಕೊಟ್ಟು ಇದು ಪೂರ್ವ ಆಫ್ರಿಕದ ಝಾಂಜಿಬಾರಿನದೆಂದು ಹೆಸರಿಸಿದನು. ಬರ್ಟನ್ ಸಾಮಾನ್ಯ ವ್ಯಕ್ತಿಯಲ್ಲ. 1856ರ ಕೊನೆಯಲ್ಲಿ ಸ್ವತಃ ಝಾಂಜಿಬಾರಿಗೆ ಹೋಗಿದ್ದವನು, ಆ ದ್ವೀಪದ ಮೇಲೆ ಗ್ರಂಥವನ್ನೇ ಬರೆದವನು. ಆದುದರಿಂದ ಅವನ ಮಾತನ್ನು ಯಾರೂ ಸಂದೇಹಿಸಲಿಲ್ಲ. ‘ಝಾಂಜಿಬಾರಿನ ಕತ್ತಿ’ ಎಂಬ ಹೆಸರು ಒಂದು ಪುಸ್ತಕದಿಂದ ಇನ್ನೊಂದಕ್ಕೂ, ಅಲ್ಲಿಂದ ಹರಾಜಿನ ಪಟ್ಟಿಗಳಿಗೂ, ಸಂಗ್ರಹಾಲಯಗಳ ಚೀಟಿಗಳಿಗೂ ಹಬ್ಬಿತು. ಮೊರೊಕ್ಕೊ ದೇಶದ ಒಂದು ಆಯುಧ ಸಾವಿರಾರು ಮೈಲಿ ದೂರದ ದ್ವೀಪದ ಪಾಲಾಯಿತು.

ಈ ತಪ್ಪು ತಿದ್ದಲ್ಪಟ್ಟದ್ದು ವಸ್ತುವಿನ ಪರೀಕ್ಷೆಯಿಂದ. ಶಾರ್ಲ್ ಬ್ಯುಟ್ಯಾಂ ಎಂಬ ಫ್ರೆಂಚ್ ವಿದ್ವಾಂಸನು ತನ್ನ ಸಂಗ್ರಹದ ಆಯುಧಗಳನ್ನು ಒಂದೊಂದಾಗಿ ವಿವರಿಸಿ ಸಿದ್ಧಪಡಿಸಿದ ಸೂಚಿ 1933ರಲ್ಲಿ ಅಚ್ಚಾಯಿತು; ಮೊರೊಕ್ಕೊ ದೇಶದ ಬಾಕು ಮತ್ತು ಕತ್ತಿಗಳನ್ನು ಕುರಿತ ಅವನ ಲೇಖನ ಮರಣಾನಂತರ ‘ಹೆಸ್ಪೆರಿಸ್’ ಪತ್ರಿಕೆಯಲ್ಲಿ ಬಂದಿತು. ಮೊರೊಕ್ಕೊ ದೇಶದ ಜನರ ಹಳೆಯ ಛಾಯಾಚಿತ್ರಗಳು, ಅಲ್ಲಿಂದ ನೇರವಾಗಿ ತಂದ ವಸ್ತುಗಳು, ಒರೆಯ ಮೇಲಿನ ಕೆಲಸ, ಅಲಗಿನಲ್ಲಿ ಉಳಿದ ಬಯೊನೆಟ್ಟಿನ ಲಕ್ಷಣ—ಎಲ್ಲವೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಝಾಂಜಿಬಾರ್ ಒಮಾನಿನ ಅರಬ್ಬರ ಆಳ್ವಿಕೆಯಲ್ಲಿದ್ದ ದ್ವೀಪ. ಅಲ್ಲಿಯ ಬಾಕು ಒಮಾನಿನ ರೀತಿಯ ಬಾಗಿದ ಖಂಜರ. ಸ್ಬೂಲಕ್ಕೂ ಅದಕ್ಕೂ ಯಾವ ನೆಂಟತನವೂ ಕಾಣಬರುವುದಿಲ್ಲ. ಇಷ್ಟಾದರೂ ಹಳೆಯ ಚೀಟಿ ಅನೇಕ ಕಡೆ ಬಹುಕಾಲ ಹಾಗೆಯೇ ನಿಂತಿತು. ಬರೆಹದಲ್ಲಿ ಒಮ್ಮೆ ಬೇರೂರಿದ ತಪ್ಪನ್ನು ಕೀಳುವುದು, ಸತ್ಯವನ್ನು ಮೊದಲ ಬಾರಿಗೆ ಕಂಡುಹಿಡಿಯುವುದಕ್ಕಿಂತ ಕಷ್ಟವೆಂದು ಸಂಶೋಧಕರಿಗೆ ಚೆನ್ನಾಗಿ ತಿಳಿದಿದೆ.

6. ಸಾಲವೊ, ಸೃಷ್ಟಿಯೊ

ಪರದೇಶದ ಅಲಗನ್ನು ಉಪಯೋಗಿಸಿದ್ದು ಸ್ಥಳೀಯರ ಅಸಾಮರ್ಥ್ಯದ ಗುರುತೆಂದು ಹಿಂದಿನ ಕೆಲವು ಲೇಖಕರು ತೀರ್ಮಾನಿಸಿದರು. ಈ ತೀರ್ಮಾನ ಪರೀಕ್ಷೆಗೆ ನಿಲ್ಲಲಾರದು. ಆಲ್ಜೀರಿಯದ ಕಬೀಲರು ‘ಫ್ಲಿಸ್ಸ’ ಎಂಬ ಸೂಜಿಮೊನೆಯ ಕತ್ತಿಯನ್ನು ತಾವೇ ಕಾಸಿ ಬಡಿದು, ಅಲಗಿನ ಮೇಲೆ ಹಿತ್ತಾಳೆಯ ಕೆತ್ತನೆಯನ್ನು ಕೂರಿಸಿ ಮಾಡುತ್ತಿದ್ದರು. ಅದು ಯಾರ ಸಾಲವೂ ಅಲ್ಲ. ಬಲ್ಲವರೂ ಪರದೇಶದ ಅಲಗನ್ನು ಕೊಂಡುದಕ್ಕೆ ಕಾರಣಗಳು ಬೇರೆ. ಉಕ್ಕು ಮಾಡಲು ಇದ್ದಿಲು ಬೇಕು. ಮರಗಳಿಲ್ಲದ ಮರಳುಗಾಡಿನಲ್ಲಿ ಇದ್ದಿಲು ಚಿನ್ನ. ನೀರಿನ ಚಕ್ರಗಳಿಂದ ಸಾಣೆ ಹಿಡಿದು ಸಾವಿರಗಟ್ಟಲೆ ತಯಾರಾದ ಸೋಲಿಂಗನ್ ಅಲಗು, ಒಂಟೆಯ ಬಾಡಿಗೆ ಸೇರಿದ ಮೇಲೂ ಕೈಗೆಟಕುವ ಬೆಲೆಗೆ ದೊರೆಯುತ್ತಿತ್ತು. ಇದಲ್ಲದೆ, ವೈರಿಯಿಂದ ಕಿತ್ತುಕೊಂಡ ಉಕ್ಕನ್ನು ಸೊಂಟದಲ್ಲಿ ಧರಿಸುವುದರಲ್ಲಿ ಹೆಮ್ಮೆಯೂ ಇತ್ತು.

ಮರುಬಳಕೆ ಆಫ್ರಿಕಕ್ಕೇ ಮೀಸಲಾದುದೂ ಅಲ್ಲ. ಸ್ಕಾಟ್ಲೆಂಡಿನ ಬೆಟ್ಟದ ಜನರು ತಮ್ಮ ಕತ್ತಿಗಳನ್ನು ಕತ್ತರಿಸಿ ‘ಡರ್ಕ್’ ಎಂಬ ಬಾಕುಗಳನ್ನು ಮಾಡಿಕೊಂಡರು. ಜಪಾನಿನಲ್ಲಿ ಉದ್ದ ಕತ್ತಿಗಳನ್ನು ಹಿಡಿಯ ಕಡೆಯಿಂದ ಮೊಟಕುಮಾಡುವುದೇ ಒಂದು ಶಾಸ್ತ್ರೀಯ ವಿಧಾನವಾಗಿ ಬೆಳೆಯಿತು. ಅಲ್ಲಿ ಅದನ್ನು ಪಾಂಡಿತ್ಯವೆಂದೂ ಇಲ್ಲಿ ಅದನ್ನು ದಾರಿದ್ರ್ಯವೆಂದೂ ಕರೆಯುವುದು ಪಕ್ಷಪಾತದ ಮಾತು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಅಲಗನ್ನು ಮಾಡಿದವರ ಹೆಸರು, ಊರು, ಕೆಲವು ವೇಳೆ ತಿಂಗಳು ಕೂಡ ಉಕ್ಕಿನ ಮೇಲೆ ಉಳಿದಿದೆ. ಅದಕ್ಕೆ ಹೊಸ ಜನ್ಮವನ್ನು ಕೊಟ್ಟವರ ಹೆಸರು ಮಾತ್ರ ಸಾಮಾನ್ಯವಾಗಿ ಎಲ್ಲಿಯೂ ಉಳಿದಿಲ್ಲ. ಮೊರೊಕ್ಕೊ ದೇಶದಲ್ಲಿ ಬೆಳ್ಳಿಯ ಕೆಲಸ ಬಹುಮಟ್ಟಿಗೆ ಯೆಹೂದಿ ಅಕ್ಕಸಾಲಿಗರ ಕೈಯಲ್ಲಿತ್ತು. ದಕ್ಷಿಣದ ಊರುಗಳ ‘ಮೆಲ್ಲಾ’ ಎಂಬ ತಮ್ಮ ಕೇರಿಗಳಲ್ಲಿ ಕುಳಿತು, ಬೇರೆ ಮತದ ಬೆಟ್ಟದ ಜನರು ಧರಿಸುವ ಬಾಕುಗಳ ಒರೆಗಳಿಗೆ ಅವರು ಬಳ್ಳಿಗಳನ್ನೂ ಹೂಗಳನ್ನೂ ಕೆತ್ತಿದರು. 1948ರ ಸುಮಾರಿಗೆ ಆ ದೇಶದಲ್ಲಿ ಸುಮಾರು 2,50,000 ಯೆಹೂದಿಗಳಿದ್ದರು. ಮುಂದಿನ ಎರಡು ದಶಕಗಳಲ್ಲಿ ಅವರಲ್ಲಿ ಬಹುಪಾಲು ಜನ ಇಸ್ರೇಲಿಗೂ ಫ್ರಾನ್ಸಿಗೂ ಇತರ ದೇಶಗಳಿಗೂ ಹೊರಟುಹೋದರು. ತಿಜ್ನಿತ್ ಮೊದಲಾದ ಊರುಗಳಲ್ಲಿ ಮುಸ್ಲಿಮ್ ಕುಶಲಿಗಳು ಆ ಕಸುಬನ್ನು ಮುಂದುವರಿಸಿದ್ದಾರೆ. ಆದರೆ ಜರ್ಮನಿಯ ಅಲಗು, ಅಮಾಜಿಗ್ ಕಮ್ಮಾರನ ಹಿಡಿ, ಯೆಹೂದಿ ಅಕ್ಕಸಾಲಿಗನ ಒರೆ—ಈ ಮೂರೂ ಒಂದೇ ವಸ್ತುವಿನಲ್ಲಿ ಕೂಡುತ್ತಿದ್ದ ಆ ಕಾಲ ಮತ್ತೆ ಬಾರದು. ಹಳೆಯ ಬಾಕುಗಳ ಬೆಲೆ ಇರುವುದು ಇದರಲ್ಲಿ. ಬೆಳ್ಳಿಯ ತೂಕದಲ್ಲಿ ಅಲ್ಲ.

7. ದಕ್ಷಿಣಾಪಥದ ಸಾದೃಶ್ಯ

ಈ ಚರಿತ್ರೆ ಕನ್ನಡಿಗರಿಗೆ ಪೂರ್ತಿ ಅಪರಿಚಿತವಾದುದೇನೂ ಅಲ್ಲ. ಯೂರೋಪಿನ ಅಲಗುಳ್ಳ ಕತ್ತಿಗೆ ದಕ್ಷಿಣಾಪಥದಲ್ಲಿ ‘ಫಿರಂಗಿ’ ಎಂಬ ಹೆಸರೇ ಇದೆ. ಫ್ರಾಂಕ್ ಜನರ ಹೆಸರಿನಿಂದ ಅರಬ್ಬೀ, ಪಾರಸಿಗಳ ಮೂಲಕ ಬಂದ ಈ ಪದವೇ ಕನ್ನಡದಲ್ಲಿ ‘ಪರಂಗಿ’ ಎಂದಾಯಿತು. ಮರಾಠಾ ಸರದಾರರಿಗೂ ದಖ್ಖಣದ ಸುಲ್ತಾನರ ದಳವಾಯಿಗಳಿಗೂ ಈ ಕತ್ತಿ ಪ್ರಿಯವಾಗಿತ್ತು. ತಂಜಾವೂರಿನ ಅರಮನೆಯ ಆಯುಧಶಾಲೆಯಿಂದ ಚೆನ್ನೈ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಬಂದ ಶಸ್ತ್ರಗಳು ಪ್ರಸಿದ್ಧವಾಗಿವೆ. ದಕ್ಷಿಣ ದೇಶದ ಕಠಾರಿಗಳಲ್ಲಿ ಅನೇಕಕ್ಕೆ, 16 ಮತ್ತು 17ನೆಯ ಶತಮಾನಗಳ ಯೂರೋಪಿನ ಕತ್ತಿಗಳನ್ನು ತುಂಡುಮಾಡಿದ ಅಲಗನ್ನು ಹಿಡಿಯಿಂದ ಮುಂಚಾಚಿದ ಉಕ್ಕಿನ ಪಟ್ಟಿಗಳ ನಡುವೆ ಇಟ್ಟು ಮೊಳೆ ಹೊಡೆದು ಕೂರಿಸಲಾಗಿದೆ. ಅಲಗು ಸ್ವಲ್ಪ ತೆಳುವಾದುದು. ಹಿಡಿಯಾದರೋ ಯಾಳಿ, ಹಂಸ, ಬಳ್ಳಿಗಳ ಕೆತ್ತನೆಯಿಂದ ತುಂಬಿ ವಿಜಯನಗರದ ಶಿಲ್ಪಪರಂಪರೆಯನ್ನು ನೆನಪಿಗೆ ತರುತ್ತದೆ. ಮೊರೊಕ್ಕೊ ದೇಶದ ಕಮ್ಮಾರನೂ ತಂಜಾವೂರಿನ ಕಮ್ಮಾರನೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಇಬ್ಬರ ಅಡಿಗಲ್ಲಿನ ಮೇಲೂ ಒಂದೇ ಊರಿನ ಉಕ್ಕು ಬಿದ್ದಿರಬಹುದು.

ಉಕ್ಕಿನ ಪ್ರವಾಹ ಒಂದೇ ದಿಕ್ಕಿಗೆ ಹರಿಯಿತೆಂದೂ ತಿಳಿಯಬಾರದು. ದಕ್ಷಿಣ ಭಾರತದ ಮೂಸೆಯ ಉಕ್ಕು ಪಶ್ಚಿಮ ಏಷ್ಯಕ್ಕೆ ಹೋಗಿ ಅಲ್ಲಿಯ ಹೆಸರಾಂತ ಅಲಗುಗಳಾಯಿತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಓದಿದಾಗ ಅದನ್ನು ಕರೆದದ್ದು ‘ವೂಟ್ಸ್’ ಎಂದು. ಈ ಹೆಸರು ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ವಿದ್ವಾಂಸರ ಅಭಿಪ್ರಾಯ. ಪರಂಗಿಯವರ ಹೆಸರು ಕನ್ನಡಕ್ಕೆ ಬಂದಂತೆ ಕನ್ನಡ ನಾಡಿನ ಕುಲುಮೆಯ ಮಾತೂ ಅವರಲ್ಲಿಗೆ ಹೋಯಿತು.

ದೊರೆಗಳು ಗಡಿಗಳನ್ನು ಎಳೆದರು, ಧರ್ಮಸಭೆಗಳು ನಿಷೇಧಗಳನ್ನು ಸಾರಿದುವು. ಅಲಗು ಇವು ಯಾವುವನ್ನೂ ಲೆಕ್ಕಿಸದೆ ಕೈಯಿಂದ ಕೈಗೆ ಸಾಗಿತು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ಒಂದು ಬಾಕುವಿನ ಮುಂದೆ ನಿಂತವರು ಚೀಟಿಯನ್ನು ಓದಿ ಮುಂದೆ ಸಾಗದೆ, ಅಲಗಿನ ತೋಡು ಎಲ್ಲಿ ಮುಗಿಯುತ್ತದೆಂಬುದನ್ನು ಒಂದು ಕ್ಷಣ ನೋಡಬೇಕು. ಅದು ಮೊನೆಯ ಅಂಚಿನವರೆಗೆ ಓಡಿ ಥಟ್ಟನೆ ನಿಂತಿದ್ದರೆ, ಚೀಟಿಯಲ್ಲಿ ಬರೆಯದ ಇನ್ನೊಂದು ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ.